ಮಲೆನಾಡಿನ ಕುದುರೆಗಳಿಗೆ ಸ್ವಯಂಸೇವಕ ಸಲಹೆಗಾರರು: ಏನು ನೋಡಬೇಕು, ಏನು ಮುಟ್ಟಬಾರದು

ಕಡಿವಾಣ

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕಿನಲ್ಲಿ ಕುದುರೆ ಇಟ್ಟುಕೊಂಡವರಿಗೆ ಸಲಹೆ ಕೊಡೋಕೆ ಒಂದಷ್ಟು ಸ್ವಯಂಸೇವಕರನ್ನು ತಯಾರು ಮಾಡುವ ಮಾತು ಬಂದಿದೆ. ತಾಲ್ಲೂಕಿಗೆ ಇಬ್ಬರು ಸಿಕ್ಕರೂ ಸಾಕು. ನಮ್ಮ ಕಡೆ ಕುದುರೆ ಅಂದ್ರೆ ಮದುವೆ ಮೆರವಣಿಗೆಗೆ ಹೋಗುವವು, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸುವವು, ತೋಟದ ಮನೆಯಲ್ಲಿ ಹವ್ಯಾಸಕ್ಕೆ ಕಟ್ಟಿಕೊಂಡವು, ಅಷ್ಟೇ.

ದೇಶದಲ್ಲೇ ಕುದುರೆ ಕರಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 6.25 ಲಕ್ಷ ಇದ್ದದ್ದು 2019ರಲ್ಲಿ 3.4 ಲಕ್ಷಕ್ಕೆ ಇಳಿದಿದೆ. ಕುದುರೆ ಕಡಿಮೆಯಾದ ಕಡೆ ಅದರ ತಿಳಿವಳಿಕೆಯೂ ಹೋಗ್ತದೆ. ಲಾಳ ಹೊಡೆಯುವವರು ಸಿಗಲ್ಲ. ಔಷಧಿ ಅಂಗಡಿಯಲ್ಲಿ ದನದ್ದು, ಮೇವಿನ ಅಂಗಡಿಯಲ್ಲಿ ದನ ಮತ್ತು ಕೋಳಿಯದ್ದು. ಕೊನೆಗೆ ಕುದುರೆಯನ್ನು ಕೊಂಬಿಲ್ಲದ ದನ ಅಂದುಕೊಂಡು ಸಾಕ್ತಾರೆ. ಇಲ್ಲಿನ ಅರ್ಧಕ್ಕರ್ಧ ತೊಂದರೆಯ ಬುಡ ಇದೇ.

ಗೊತ್ತಿರುವವರು ಹೇಳಿ: ಸ್ವಯಂಸೇವಕ ಒಂದು ಲಾಯಕ್ಕೆ ಹೋದಾಗ ಏನು ಅಳೀಬೇಕು, ಏನು ಬರ್ಕೋಬೇಕು, ಯಾವುದಕ್ಕೆ ಕೈ ಹಾಕಬಾರದು? ನೀತಿಯ ಮಾತು ಬೇಡ, ಲೆಕ್ಕ ಬೇಕು.

ತುಂಗಾದಂಡೆ

ಮೊದಲು ಕೈ ಹಾಕಬಾರದ್ದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ನೋಂದಾಯಿತ ಪಶುವೈದ್ಯರಷ್ಟೇ ಚಿಕಿತ್ಸೆ ಮಾಡಬಹುದು. ಸ್ವಯಂಸೇವಕನ ಚೀಲದಲ್ಲಿ ಸಿರಿಂಜು, ಸೂಜಿ ಇರಲೇಬಾರದು. ಇದ್ದರೆ ಎರಡನೇ ತಿಂಗಳಿಗೆ ಜನ "ನೀವೇ ಒಂದು ಚುಚ್ಚಿಬಿಡಿ ಮಾರಾಯ್ರೆ" ಅಂತಾರೆ. ಇಲ್ಲ ಅನ್ನೋದು ಕಷ್ಟ.

ಮಾಡಬೇಕಾದ್ದು ಅಳತೆ. ವೈದ್ಯರಿಗೆ ಫೋನಿನಲ್ಲಿ "ಕುದುರೆ ಸಪ್ಪಗಿದೆ" ಅಂದರೆ ಏನೂ ಹೇಳಿದ ಹಾಗಲ್ಲ. "ನಾಡಿ 64, ಜ್ವರ 102.4, ಬೆಳಿಗ್ಗೆಯಿಂದ ಲದ್ದಿ ಹಾಕಿಲ್ಲ" ಅಂದರೆ ಅವರು ಕೈಯಲ್ಲಿರೋ ಕೆಲಸ ಬಿಟ್ಟು ಹೊರಡ್ತಾರೆ.

ನಾಡಿ: ಕೆಳದವಡೆಯ ಒಳಅಂಚಿನಲ್ಲಿ ಪೆನ್ಸಿಲ್ ದಪ್ಪದ ರಕ್ತನಾಳ ಬೆರಳಿಗೆ ಸಿಗ್ತದೆ, ಒತ್ತಿದರೆ ಜಾರ್ತದೆ. ಎರಡು ಬೆರಳು ಇಟ್ಟು 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿ. ಹೆಬ್ಬೆರಳು ಬೇಡ, ನಿಮ್ಮದೇ ನಾಡಿ ಎಣಿಸಿಕೊಂಡು ಬರ್ತೀರಿ. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ಹೊಟ್ಟೆನೋವಿರುವ ಕುದುರೆಗೆ 60 ದಾಟಿದ್ದರೆ ಕಾಯುವ ಮಾತೇ ಇಲ್ಲ.

ಉಸಿರು: ಪಕ್ಕೆ ನೋಡಿ ಎಣಿಸಿ, 8ರಿಂದ 16. ಮೂಗಿನ ಹತ್ತಿರ ಕೈ ಹಿಡಿದರೆ ಅದು ನಿಮ್ಮ ಕೈ ಮೂಸೋಕೆ ಶುರುಮಾಡಿ ಲೆಕ್ಕ ಕೆಡ್ತದೆ.

ಜ್ವರ: 99.5ರಿಂದ 101.3 ಡಿಗ್ರಿ ಫ್ಯಾರನ್‌ಹೀಟ್ ಸಹಜ. ದನಕ್ಕೆ 102 ಮಾಮೂಲು, ಕುದುರೆಗೆ ಅದು ಜ್ವರ. ಥರ್ಮಾಮೀಟರಿನ ತುದಿಗೆ ಒಂದು ಮೊಳ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಬಾಲದ ಕೂದಲಿಗೆ ಸಿಕ್ಕಿಸಿ. ಒಳಗೆ ಎಳೆದುಕೊಂಡರೂ ಕೈಗೆ ಸಿಗ್ತದೆ, ಲದ್ದಿಯ ಜೊತೆ ಹೊರಗೆ ಬಂದರೂ ನೆಲಕ್ಕೆ ಬಿದ್ದು ಒಡೆಯಲ್ಲ. ನಿಲ್ಲೋದು ಎಡ ಪಕ್ಕದಲ್ಲಿ, ತೊಡೆಗೆ ಒತ್ತಿಕೊಂಡು. ನೇರ ಹಿಂದೆ ನಿಂತವರಿಗೆ ಒದೆ ಪೂರ್ತಿ ಬೀಳ್ತದೆ, ಒತ್ತಿಕೊಂಡು ನಿಂತವರಿಗೆ ಬರೀ ತಳ್ಳಿದ ಹಾಗಾಗ್ತದೆ.

ವಸಡು: ಮೇಲ್ದುಟಿ ಎತ್ತಿ ವಸಡನ್ನು ಬೆರಳಲ್ಲಿ ಒತ್ತಿ ಬಿಡಿ. ಬಿಳಿಚಿದ್ದು 2 ಸೆಕೆಂಡಿನೊಳಗೆ ಮತ್ತೆ ತಿಳಿ ಗುಲಾಬಿಗೆ ಬರಬೇಕು. ಇಟ್ಟಿಗೆ ಕೆಂಪೋ ನೀಲಿಯೋ ಆಗಿದ್ದರೆ ಫೋನಿನಲ್ಲಿ ಮೊದಲ ಮಾತು ಅದೇ.

ಹೊಸಬ_ಶಿಕಾರಿಪುರ

ಹೊಟ್ಟೆನೋವು ಅಂದ್ರಲ್ಲ, ವೈದ್ಯರು ಬರೋತನಕ ಎಣ್ಣೆ ಕುಡಿಸಬಹುದಾ ಸರ್? ನಮ್ಮ ಕಡೆ ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಗೊಟ್ಟದಲ್ಲಿ ಎಣ್ಣೆ ಹಾಕ್ತೀವಿ.

ತುಂಗಾದಂಡೆ

ಬೇಡ. ಗೊಟ್ಟದಲ್ಲಿ ಹುಯ್ದ ಎಣ್ಣೆ ಕುದುರೆಯ ಶ್ವಾಸನಾಳಕ್ಕೆ ಇಳಿದರೆ ಅದು ಕೆಮ್ಮೋದೂ ಇಲ್ಲ, ಎಣ್ಣೆಗೆ ಅಷ್ಟು ಘಾಟು ಇಲ್ಲ. ಸುಮ್ಮನೆ ಶ್ವಾಸಕೋಶದಲ್ಲಿ ಕೂತು ನ್ಯುಮೋನಿಯಾ ಮಾಡ್ತದೆ. ಹೊಟ್ಟೆನೋವು ವಾಸಿಯಾಗಿ ವಾರದ ಮೇಲೆ ಸತ್ತ ಕುದುರೆಯ ಕಥೆ ಹೆಚ್ಚಾಗಿ ಇದೇ. ವೈದ್ಯರು ಎಣ್ಣೆ ಕೊಡೋದು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ನಳಿಕೆ ಅನ್ನನಾಳದಲ್ಲೇ ಇದೆ ಅಂತ ನೋಡಿಕೊಂಡ ಮೇಲೆ. ಇನ್ನೊಂದು, ಕುದುರೆಗೆ ವಾಂತಿ ಬರಲ್ಲ. ಹೊಟ್ಟೆ ತುಂಬಿ ಬಿಗಿದಿದ್ದರೆ ಮೇಲಿಂದ ಹುಯ್ದದ್ದಕ್ಕೆ ಹೋಗುವ ದಾರಿಯೇ ಇಲ್ಲ, ಜಠರ ಒಡೆಯಬಹುದು.

ಮಾಡಬೇಕಾದ್ದು: ಎದುರಿಂದ ಮೇವು ತೆಗೆಯಿರಿ. ಸಮಾಧಾನವಾಗಿ ಮಲಗಿದ್ದರೆ ಮಲಗಲಿ. ಹೊರಳಾಡ್ತಿದ್ದರೆ ಮಾತ್ರ ಎಬ್ಬಿಸಿ ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆಸಿ. ರಾತ್ರಿಯೆಲ್ಲ ನಡೆಸಿ ಸುಸ್ತು ಮಾಡೋದು ಬೇಡ. ಎರಡೂ ಪಕ್ಕೆಗೆ ಕಿವಿ ಕೊಟ್ಟು ಒಂದೊಂದು ನಿಮಿಷ ಕೇಳಿ, ಗುಡುಗುಡು ಸದ್ದು ಇದೆಯೋ ಇಲ್ಲವೋ ಬರ್ಕೊಳ್ಳಿ. 1962ಕ್ಕೆ ಫೋನ್ ಮಾಡಿ, ಅದು ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ. "ಕುದುರೆ" ಅಂತ ಮೊದಲೇ ಹೇಳಿ, ನಳಿಕೆ ಜೊತೆಗೆ ಬರ್ತದೆ. ಶಿವಮೊಗ್ಗಕ್ಕೆ ಹತ್ತಿರದವರಿಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

ನೋವಿನ ಚುಚ್ಚುಮದ್ದು ಮನೆಯಲ್ಲೇ ಇಟ್ಟುಕೊಂಡವರು ಇರ್ತಾರೆ. ಅದನ್ನು ಕೊಟ್ಟಿದ್ದರೆ ಯಾವುದು, ಎಷ್ಟು, ಎಷ್ಟು ಹೊತ್ತಿಗೆ ಅನ್ನೋದನ್ನು ಮುಚ್ಚಿಡದೆ ಹೇಳಿಸಿ. ಮದ್ದಿಗೆ ನೋವು ಅಡಗಿದಾಗ ಕುದುರೆ ಸುಧಾರಿಸಿದ ಹಾಗೆ ಕಾಣ್ತದೆ, ಒಳಗೆ ಕರುಳು ತಿರುಚಿಕೊಂಡೇ ಇರಬಹುದು.

ಹುರುಳಿಚೀಲ

ಅಳತೆಯಲ್ಲಿ ತೂಕ ಬಿಟ್ಟುಹೋಯ್ತು. ಜಂತುಮದ್ದಿನಿಂದ ಹಿಡಿದು ಹುರುಳಿಯವರೆಗೆ ಎಲ್ಲಕ್ಕೂ ತೂಕವೇ ಆಧಾರ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ, ಬೆನ್ನಿನ ಗುಬ್ಬದ ಮೇಲಿಂದ ಎದೆಯ ಸುತ್ತಳತೆ ತಗೊಳ್ಳಿ, ಕುದುರೆ ಉಸಿರು ಬಿಟ್ಟಾಗ. ಆಮೇಲೆ ಭುಜದ ಮುಂಚಾಚಿನಿಂದ ಪೃಷ್ಠದ ಹಿಂಚಾಚಿನ ತನಕ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಕೆ.ಜಿ. ಸಿಗ್ತದೆ.

ಸುತ್ತಳತೆ 150, ಉದ್ದ 135 ಇದ್ದರೆ 256 ಕೆ.ಜಿ. ಕಣ್ಣಂದಾಜಿನಲ್ಲಿ ಇದನ್ನೇ ಕೆಲವರು 200 ಅಂತಾರೆ, ಮಾರುವವರು 350 ಅಂತಾರೆ. ಐವರ್ಮೆಕ್ಟಿನ್ ಅನ್ನೋ ಜಂತುಮದ್ದಿನ ಲೆಕ್ಕ ಕೆ.ಜಿ.ಗೆ 0.2 ಮಿಲಿಗ್ರಾಂ, ಅಂದರೆ ಇದಕ್ಕೆ 51 ಮಿ.ಗ್ರಾಂ. 200 ಅಂದುಕೊಂಡು 40 ಕೊಟ್ಟರೆ ಗಟ್ಟಿ ಹುಳುಗಳು ಉಳಿದು ಅವುಗಳದ್ದೇ ಸಂತಾನ ಬೆಳೀತದೆ. ಕುದುರೆಗೆ ಬೇಕಾದ್ದು ಬಾಯಿಗೆ ಹಾಕುವ ಪೇಸ್ಟು. ದನದ ಐವರ್ಮೆಕ್ಟಿನ್ ಇಂಜೆಕ್ಷನ್ನು ಕುದುರೆಗೆ ಚುಚ್ಚಿದರೆ ಆ ಜಾಗ ಬಾತು ಕೀವಾಗುವುದುಂಟು. ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಕೊಡುವ ಪದ್ಧತಿಯನ್ನೂ ಬಿಡಿಸಿ. ತಾಜಾ ಲದ್ದಿಯ ಎರಡು ಉಂಡೆ ಗಾಳಿ ಹಿಂಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವತ್ತೇ ಪಶು ಆಸ್ಪತ್ರೆಗೆ ತಲುಪಿಸಿದರೆ ಹುಳುವಿನ ಮೊಟ್ಟೆ ಎಣಿಸಿ ಹೇಳ್ತಾರೆ. ಗ್ರಾಂಗೆ 200ಕ್ಕಿಂತ ಕಡಿಮೆ ಬಂದ ದೊಡ್ಡ ಕುದುರೆಗೆ ಸಾಮಾನ್ಯವಾಗಿ ಆ ಸಲ ಮದ್ದು ಬೇಡ. ಮರಿಗಳ ಲೆಕ್ಕ ಬೇರೆ, ಅದು ವೈದ್ಯರದ್ದು.

ಘಟ್ಟದಮೇಲೆ

ದನದ ಮದ್ದು ಅಂದಿದ್ದಕ್ಕೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಲಾಯದ ಗೋಡೆಗೆ ಅಂಟಿಸಬೇಕು: ಉಣುಗಿಗೆ ದನದ ಮೈಗೆ ಬಳಿಯುವ ಅಮಿಟ್ರಾಜ್ ಕುದುರೆಗೆ ಹಾಕಬಾರದು. ಅದು ಕರುಳಿನ ಚಲನೆಯನ್ನೇ ನಿಲ್ಲಿಸ್ತದೆ, ಲದ್ದಿ ಕಟ್ಟಿ ಹೊಟ್ಟೆನೋವು ಬರ್ತದೆ. ಕೊಟ್ಟಿಗೆಯಲ್ಲಿ ದನಕ್ಕೆ ಹೊಡೆದು ಉಳಿದದ್ದನ್ನು ಪಕ್ಕದಲ್ಲೇ ಕಟ್ಟಿದ ಕುದುರೆಗೂ ಹೊಡೆಯೋದು ಬಹಳ ಸುಲಭದ ತಪ್ಪು. ಬಾಟಲಿಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಇರ್ತದೆ, ಒಳಗಿನ ಔಷಧದ ಹೆಸರು ಸಣ್ಣದಾಗಿ. ಸ್ವಯಂಸೇವಕರು ಸಣ್ಣದನ್ನು ಓದಬೇಕು.

ಎರಡನೆಯದು ಕೋಳಿ ಮೇವು. ಕೋಳಿಗಳ ರಕ್ತಭೇದಿ ತಡೆಯೋಕೆ ಮೊನೆನ್ಸಿನ್ ಥರದ ಮದ್ದು ಸೇರಿಸಿರ್ತಾರೆ. ಕೋಳಿಗೆ ಏನೂ ಆಗಲ್ಲ. ಕುದುರೆಗೆ ಕೆ.ಜಿ. ತೂಕಕ್ಕೆ 2–3 ಮಿ.ಗ್ರಾಂ ಸಾಕು, ಹೃದಯದ ಸ್ನಾಯು ಸಾಯ್ತದೆ, ಮರುಮದ್ದು ಇಲ್ಲ. ಕೆಲವು ದನದ ಮೇವಿಗೂ ಹಾಕ್ತಾರೆ. ಚೀಲದ ಚೀಟಿ ಓದದೆ ಯಾವ ತಯಾರಿ ಮೇವೂ ಬೇಡ.

ಹಾಗಾದ್ರೆ ಉಣುಗಿಗೆ ಏನು? ಕೈಗವಸು ಹಾಕಿಕೊಂಡು ಚಿಮಟದಲ್ಲಿ ಚರ್ಮದ ಬುಡಕ್ಕೆ ಹಿಡಿದು ನೇರ ಎಳೆಯಿರಿ, ಸೋಪಿನ ನೀರಿನ ಡಬ್ಬಿಗೆ ಹಾಕಿ, ಉಗುರಲ್ಲಿ ಕುಟ್ಟಬೇಡಿ. ನೋಡುವ ಜಾಗ: ಕಿವಿಯ ಒಳಗೆ, ಜೂಲಿನ ಬುಡ, ಬಾಲದ ಬುಡ, ತೊಡೆಸಂದು. ಬಳಿಯುವ ಔಷಧಿ ಯಾವುದು ಅಂತ ವೈದ್ಯರೇ ಹೇಳಲಿ. ಉಣುಗಿನಿಂದ ಕುದುರೆಗೆ ರಕ್ತದ ಪರೋಪಜೀವಿ ರೋಗ ಬರ್ತದೆ: ಜ್ವರ, ವಸಡು ಹಳದಿ, ಮೂತ್ರ ಕಂದು. ಜೊತೆಗೆ ನಮ್ಮ ಜಿಲ್ಲೆಯ ಲೆಕ್ಕವೇ ಬೇರೆ. ಉಣುಗಿನಿಂದ ಮನುಷ್ಯರಿಗೆ ಬರುವ ಮಂಗನ ಕಾಯಿಲೆ 1957ರಲ್ಲಿ ಗೊತ್ತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮರಿ ಉಣುಗು ಹೆಚ್ಚು. ಆ ತಿಂಗಳಲ್ಲಿ ಕುದುರೆಯನ್ನು ಕಾಡಿನಂಚಿಗೆ ಮೇಯಲು ಬಿಡಬೇಡಿ ಅನ್ನೋದು ಕುದುರೆಗಿಂತ ಅದನ್ನು ಹಿಡಿದು ಹೋಗುವವರಿಗೆ ಮುಖ್ಯ. ಹೋಗಲೇಬೇಕಾದರೆ ತುಂಬು ತೋಳು, ಕಾಲಿಗೆ ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ.

ಹೊಸಬ_ಶಿಕಾರಿಪುರ

ನಮ್ಮ ಕಡೆ ಮೆಕ್ಕೆಜೋಳ ಧಾರಾಳ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದದ್ದು ಅಗ್ಗಕ್ಕೆ ಸಿಗ್ತದೆ, ತೊಳೆದು ಒಣಗಿಸಿ ಕೊಟ್ಟರೆ ಆಗಲ್ವಾ?

ಹುರುಳಿಚೀಲ

ತೊಳೆದರೂ ಆಗಲ್ಲ, ಬೇಯಿಸಿದರೂ ಆಗಲ್ಲ. ತೆನೆ ಹೊಲದಲ್ಲಿರುವಾಗಲೇ ಸೇರುವ ಒಂದು ಶಿಲೀಂಧ್ರ ಫ್ಯುಮೊನಿಸಿನ್ ಅನ್ನೋ ವಿಷ ಬಿಡ್ತದೆ, ಅದು ಕಾಳಿನ ಒಳಗೇ ಇರ್ತದೆ. ದನಕ್ಕೆ ತಡೀತದೆ, ಕುದುರೆಯ ಮಿದುಳನ್ನು ಕರಗಿಸ್ತದೆ. ಗೋಡೆಗೆ ತಲೆ ಒತ್ತಿ ನಿಲ್ತದೆ, ಕುರುಡಾಗ್ತದೆ, ಒಂದೇ ಕಡೆ ಸುತ್ತು ಹಾಕ್ತದೆ, ಎರಡು ಮೂರು ದಿನಕ್ಕೆ ಮುಗೀತದೆ. ಚಿಕಿತ್ಸೆ ಇಲ್ಲ. ತಲೆ ಒತ್ತಿ ನಿಂತ ಕುದುರೆಗೆ ಹುಚ್ಚುನಾಯಿ ರೋಗವೂ ಇರಬಹುದು, ಆದ್ದರಿಂದ ಬಾಯಿಗೆ ಕೈ ಹಾಕಿ ನೋಡೋದು ಬೇಡ. ಬಣ್ಣಗೆಟ್ಟ, ಮುರಿದ ಕಾಳು, ಜರಡಿ ಹಿಡಿದಾಗ ಬೀಳುವ ನುಚ್ಚು, ಇವುಗಳಲ್ಲೇ ವಿಷ ಹೆಚ್ಚು. ಅಗ್ಗಕ್ಕೆ ಮಾರೋದೂ ಅದನ್ನೇ.

ಇನ್ನು ಹಸಿರು ಮೇವಿನ ವಿಷಯ. ಹೈಬ್ರಿಡ್ ನೇಪಿಯರ್ ಹುಲ್ಲನ್ನೇ ನಂಬಿ ಕುದುರೆ ಸಾಕುವವರು ಇದ್ದಾರೆ. ಅದರ ಮೇಲೆ ತೌಡು. ಈ ಜೋಡಿ ಕುದುರೆಯ ಮೂಳೆ ತಿಂತದೆ.

ಘಟ್ಟದಮೇಲೆ

ತಡೀರಿ, ನೇಪಿಯರಿನಲ್ಲಿ ದನ ಚೆನ್ನಾಗಿ ಹಾಲು ಕೊಡ್ತದಲ್ಲ. ತೋಟದ ಬದಿಯಲ್ಲಿ ಅದು ಬಿಟ್ಟರೆ ಬೇರೆ ಏನು ಬೆಳೀತದೆ? ಮಳೆಗಾಲದಲ್ಲಿ ಬೇರೆ ಹುಲ್ಲು ಕೊಯ್ದು ಒಣಗಿಸೋದಾದ್ರೂ ಹೇಗೆ?

ಹುರುಳಿಚೀಲ

ನೇಪಿಯರಿನಲ್ಲಿ ಆಕ್ಸಲೇಟ್ ಅನ್ನೋ ಅಂಶ ಇರ್ತದೆ. ದನದ ಹೊಟ್ಟೆಯಲ್ಲಿ ಅದನ್ನು ಒಡೆಯುವ ಸೂಕ್ಷ್ಮಜೀವಿಗಳು ಮೇವು ಸಣ್ಣಕರುಳಿಗೆ ಹೋಗುವ ಮುಂಚೆಯೇ ಕೆಲಸ ಮುಗಿಸ್ತವೆ. ಕುದುರೆಯಲ್ಲಿ ಆ ಕೆಲಸ ಹಿಂದಿನ ಕರುಳಿನಲ್ಲಿ, ಅಷ್ಟು ಹೊತ್ತಿಗೆ ಆಕ್ಸಲೇಟು ಮೇವಿನ ಸುಣ್ಣಾಂಶವನ್ನು ಹಿಡಿದು ಕಟ್ಟಿಹಾಕಿರ್ತದೆ. ರಕ್ತಕ್ಕೆ ಕ್ಯಾಲ್ಸಿಯಂ ಸಾಲದಾದಾಗ ದೇಹ ಮೂಳೆಯಿಂದ ಎಳ್ಕೊಳ್ತದೆ. ಮೊದಲು ಒಂದು ದಿನ ಒಂದು ಕಾಲು, ಇನ್ನೊಂದು ದಿನ ಇನ್ನೊಂದು ಕಾಲು ಕುಂಟು. ಆಮೇಲೆ ಅಗಿಯೋಕೆ ಸಂಕಟ. ಕೊನೆಗೆ ಮೂಗಿನ ಎರಡೂ ಬದಿಯ ಮೂಳೆ ಬಾತು ಮುಖ ದಪ್ಪ ಕಾಣ್ತದೆ. ಆ ಹಂತಕ್ಕೆ ಬಂದರೆ ಮುಖ ಮೊದಲಿನ ಹಾಗೆ ಆಗೋದು ಅಪರೂಪ.

ತೌಡಿನ ಲೆಕ್ಕ ನೋಡಿ. ಅಕ್ಕಿ ತೌಡಿನಲ್ಲಿ ರಂಜಕ ನೂರಕ್ಕೆ ಸುಮಾರು 1.6, ಕ್ಯಾಲ್ಸಿಯಂ 0.1. ದಿನಕ್ಕೆ 2 ಕೆ.ಜಿ. ಹಾಕಿದರೆ ರಂಜಕ 32 ಗ್ರಾಂ, ಕ್ಯಾಲ್ಸಿಯಂ ಬರೀ 2. ಕುದುರೆಗೆ ಕ್ಯಾಲ್ಸಿಯಂ ರಂಜಕಕ್ಕಿಂತ ಹೆಚ್ಚಿರಬೇಕು, ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಒಳ್ಳೆಯದು. ಬರೀ ಸಮ ಮಾಡೋಕೇ ಇನ್ನೂ 30 ಗ್ರಾಂ ಬೇಕು, ಅಂದರೆ ಕ್ಯಾಲ್ಸೈಟ್ ಪುಡಿ 80 ಗ್ರಾಂ. ಅದು ಕೋಳಿ ಮೇವಿನ ಅಂಗಡಿಯಲ್ಲಿ ಸಿಗ್ತದೆ, ಬೆಲೆ ಏನೂ ಅಲ್ಲ. ಎಲೆಅಡಿಕೆಗೆ ಹಚ್ಚುವ ಸುಣ್ಣ ಅದಕ್ಕೆ ಬದಲಿ ಅಲ್ಲ, ಬಾಯಿ ಕರುಳು ಸುಡ್ತದೆ. ಇದಕ್ಕಿಂತ ಸುಲಭದ ದಾರಿ ಅಂದ್ರೆ ತೌಡನ್ನು ಅರ್ಧ ಕೆ.ಜಿ.ಗೆ ಇಳಿಸೋದು.

ನೇಪಿಯರ್ ಪೂರ್ತಿ ಬಿಡಿ ಅಂತಿಲ್ಲ. ಅರ್ಧಕ್ಕಿಂತ ಕಡಿಮೆ ಮಾಡಿ, ಗದ್ದೆ ಬದುವಿನ ಗರಿಕೆ ಜಾತಿಯ ಹುಲ್ಲು, ಬೇಸಿಗೆಯಲ್ಲಿ ಶಿಕಾರಿಪುರ ಕಡೆಯಿಂದ ಬರುವ ಜೋಳದ ಒಣಸೊಪ್ಪೆ, ಜೊತೆಗೆ ಕುದುರೆಮಸಾಲೆ (ಲೂಸರ್ನ್ ಮೇವು) ಸಿಕ್ಕಿದರೆ ದಿನಕ್ಕೆ ಒಂದೆರಡು ಕೆ.ಜಿ. ಕುದುರೆಮಸಾಲೆಯಲ್ಲಿ ಕ್ಯಾಲ್ಸಿಯಂ ಹೇರಳ. ಹೆಸರೇ ಕುದುರೆಯದ್ದು, ಇಲ್ಲಿ ಹಾಕೋದು ದನಕ್ಕೆ!

ಭತ್ತದ ಹುಲ್ಲು ಹೊಟ್ಟೆ ತುಂಬಿಸ್ತದೆ, ಸತ್ವ ಕಡಿಮೆ. ನೀರು ಸಾಲದಿದ್ದರೆ ಕರುಳಲ್ಲಿ ಗಟ್ಟಿಯಾಗ್ತದೆ. 300 ಕೆ.ಜಿ. ಕುದುರೆಗೆ ಸುಮ್ಮನಿದ್ದಾಗ ದಿನಕ್ಕೆ 15–20 ಲೀಟರ್, ಬೇಸಿಗೆಯಲ್ಲಿ ಕೆಲಸವಿದ್ದರೆ 30–40. ಬಕೆಟ್ಟಿನಲ್ಲಿ ಎಷ್ಟು ಇಳೀತು ಅಂತ ನೋಡದೆ "ಕುಡೀತದೆ" ಅನ್ನೋದನ್ನು ನಂಬಬೇಡಿ. ಉಪ್ಪು ದಿನಕ್ಕೆ 30 ಗ್ರಾಂ.

ಹುರುಳಿ ಬೇಯಿಸಿ ಆರಿಸಿ ಕೊಡೋದು ಒಳ್ಳೆಯ ಪದ್ಧತಿಯೇ. ಹಿಂದಿನ ದಿನ ಬೇಯಿಸಿದ್ದು ಮಳೆಗಾಲದಲ್ಲಿ ಬೆಳಗ್ಗೆಗೆ ಹುಳಿ ಬಂದಿರ್ತದೆ, ಅದನ್ನು ಚೆಲ್ಲಿ. ಮಿತಿ: ಎಲ್ಲ ಕಾಳು ಸೇರಿ ಒಂದು ಹೊತ್ತಿಗೆ ನೂರು ಕೆ.ಜಿ. ತೂಕಕ್ಕೆ ಅರ್ಧ ಕೆ.ಜಿ. ದಾಟಬಾರದು, ಇಲ್ಲಿ ಕೆಲಸವಿಲ್ಲದ ಕುದುರೆಗಳಿಗೆ ಅದರ ಅರ್ಧವೂ ಬೇಡ. ಮದುವೆ ತಿಂಗಳು ಮುಗಿದ ಮೇಲೂ ಅದೇ ಅಳತೆಯಲ್ಲಿ ಸುರಿದರೆ ಗೊರಸು ಕಾಯ್ತದೆ, ಮುಂಗಾಲು ಮುಂದೆ ಚಾಚಿ ಹಿಂಗಾಲಿನ ಮೇಲೆ ಭಾರ ಹಾಕಿ ನಿಲ್ತದೆ. ಹಾಗೆ ನಿಂತದ್ದನ್ನು ನಡೆಸಬೇಡಿ, ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿ ವೈದ್ಯರಿಗೆ ಹೇಳಿ.

ಗೊರಸು_ಲಾಳ

ಗೊರಸಿಗೆ ಬಂದಿರಿ, ನಾನು ಸೇರಿಸ್ತೀನಿ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ. ತೀರ್ಥಹಳ್ಳಿ, ಹೊಸನಗರದ ಲಾಯಗಳಲ್ಲಿ ಜೂನಿನಿಂದ ಸೆಪ್ಟೆಂಬರ್ ಅಂದರೆ ಗೊರಸು ಕೊಳೆಯುವ ಕಾಲ. ಅಡಿ ಎತ್ತಿ ನೋಡಿದರೆ ನಡುವೆ ತ್ರಿಕೋನದ ಮೆತ್ತನೆ ಗಟ್ಟೆ ಇರ್ತದೆ, ಅದರ ಎರಡು ಬದಿ ಮತ್ತು ನಡುವೆ ಗಾಡಿ, ಅಂದರೆ ಉದ್ದನೆಯ ಸಂದು. ಆ ಗಾಡಿಯಲ್ಲಿ ಕರಿ ಲೋಳೆ, ಮೂಗು ಮುಚ್ಚಿಕೊಳ್ಳುವ ವಾಸನೆ ಇದ್ದರೆ ಕೊಳೆತ ಶುರು. ನಡುವಿನ ಗಾಡಿಗೆ ಬೆರಳು ಇಳಿಯುವಷ್ಟು ಆಳವಿದ್ದರೆ ಹಿಮ್ಮಡಿಯ ಜೀವದ ಭಾಗಕ್ಕೆ ಮುಟ್ಟಿದೆ ಅಂತ ಅರ್ಥ.

ಕ್ರಮ ಹೀಗೆ. ಕೊಕ್ಕೆಯಿಂದ ಹಿಮ್ಮಡಿಯಿಂದ ತುದಿಯ ಕಡೆಗೆ ಕೆದಕಿ, ತುದಿಯಿಂದ ಹಿಂದಕ್ಕೆ ಕೆದಕಿದರೆ ಮೆತ್ತನೆ ಗಾಡಿಗೆ ಕೊಕ್ಕೆ ನುಗ್ತದೆ. ಬ್ರಷ್ಷಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಮದ್ದಿಗಿಂತ ಒಣಗಿಸೋದೇ ಮುಖ್ಯ, ಈ ರೋಗಾಣು ಗಾಳಿಯಿಲ್ಲದ ಕಡೆ ಬೆಳೆಯುವಂಥದ್ದು. ಆಮೇಲೆ ಮೈಲುತುತ್ತ. ಅಡಿಕೆ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ ತಂದದ್ದು ಇದ್ದೇ ಇರ್ತದೆ. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ, ಹತ್ತಿ ಅದ್ದಿ ಗಾಡಿಗೆ ತುರುಕಿ, ಮರುದಿನ ತೆಗೆದು ಹೊಸದು ಹಾಕಿ. ಪುಡಿಯನ್ನೇ ಉದುರಿಸುವವರಿದ್ದಾರೆ, ಜೀವದ ಮಾಂಸ ಸುಟ್ಟು ಕುಂಟು ಹೆಚ್ಚಾಗ್ತದೆ. ಸುಣ್ಣ ಬೆರೆಸಿಟ್ಟ ಬೋರ್ಡೋ ದ್ರಾವಣವನ್ನೇ ಹಚ್ಚೋದೂ ಬೇಡ, ಅದು ಎಲೆಗೆ ಮಾಡಿದ್ದು. ರಕ್ತ ಬಂದರೆ, ಅಥವಾ ವಾರದಲ್ಲಿ ವಾಸನೆ ಹೋಗದಿದ್ದರೆ ವೈದ್ಯರಿಗೆ.

ಇದೆಲ್ಲ ಮಾಡಿ ಕುದುರೆಯನ್ನು ಮತ್ತೆ ಅದೇ ಗಂಜಲದಲ್ಲಿ ನಿಲ್ಲಿಸಿದರೆ ವ್ಯರ್ಥ. ಕೊಟ್ಟಿಗೆಯಲ್ಲಿ ಸೊಪ್ಪು, ದರಕು ಹಾಕಿ ತುಳಿಸಿ ಗೊಬ್ಬರ ಮಾಡ್ತೀವಲ್ಲ, ಅದು ದನದ ಕೊಟ್ಟಿಗೆಗೆ ಸರಿ, ಕುದುರೆ ಲಾಯಕ್ಕೆ ಅಲ್ಲ. ನೆಲ 50 ಅಡಿಗೆ 1 ಅಡಿ ಇಳಿಜಾರು, ಅಂದರೆ 12 ಅಡಿ ಲಾಯಕ್ಕೆ ಸುಮಾರು 3 ಇಂಚು. ಜಂಬಿಟ್ಟಿಗೆ ಹಾಸಿದ ನೆಲ ನೀರು ಹೀರಿ ಹಿಡಿದಿಟ್ಟುಕೊಳ್ತದೆ, ಮೇಲೆ ಒರಟು ಸಿಮೆಂಟು ಬೇಕು. ಹಾಸಿಗೆಗೆ ಸಾಮಿಲ್ಲಿನ ಹೊಟ್ಟು 4 ಇಂಚು. ಒದ್ದೆಯಾದ ಜಾಗವನ್ನು ದಿನಾ ಬಾಚಿ ತೆಗೆದರೆ ಒಂದು ಹಾಸಿಗೆ ಬಹಳ ದಿನ ಬರ್ತದೆ. ಒಣ ಅಡಿಕೆ ಸಿಪ್ಪೆಯೂ ಆಗ್ತದೆ, ಆದರೆ ಮಳೆಗಾಲದಲ್ಲಿ ಒಣಗಿದ್ದು ಸಿಗೋದು ಯಾರ ಮನೆಯಲ್ಲಿ?

ಮೈಮೇಲೂ ಮಳೆ ಪೆಟ್ಟು ಕಾಣ್ತದೆ. ಬೆನ್ನಿನ ಮೇಲೆ ಕೂದಲು ಗುಪ್ಪೆ ಗುಪ್ಪೆಯಾಗಿ ಬ್ರಷ್ಷಿನ ಹಾಗೆ ಅಂಟಿಕೊಂಡು, ಕಿತ್ತರೆ ಅಡಿಯಲ್ಲಿ ಹಸಿ ಹುಣ್ಣು. ಅದರ ಮೇಲೆ ಟಾರ್ಪಾಲು ಹೊದಿಸಿ ಬೆಚ್ಚಗಿಡೋದು ರೋಗಾಣುವನ್ನು ಬೆಚ್ಚಗಿಟ್ಟ ಹಾಗೆ. ಪೊವಿಡೋನ್ ಅಯೋಡಿನ್ ಸ್ಕ್ರಬ್ ಹಚ್ಚಿ 10 ನಿಮಿಷ ಬಿಟ್ಟು ತೊಳೆದು ಒಣಗಿಸಿ. ಜೀನಿನ ಬಟ್ಟೆ, ಬ್ರಷ್ಷು ಬೇರೆ ಕುದುರೆಗೆ ಬಳಸಬೇಡಿ.

ಲಾಳದ ಬಗ್ಗೆ: ಗೊರಸು ಕತ್ತರಿಸೋದು 6ರಿಂದ 8 ವಾರಕ್ಕೊಮ್ಮೆ, ಲಾಳ ಸವೆಯಲಿ ಬಿಡಲಿ. "ಲಾಳ ಇನ್ನೂ ಚೆನ್ನಾಗಿದೆ" ಅಂತ ನಾಲ್ಕು ತಿಂಗಳು ಬಿಟ್ಟರೆ ಗೊರಸು ಮುಂದೆ ಬೆಳೆದು ಲಾಳ ಹಿಮ್ಮಡಿಯನ್ನು ಬಿಟ್ಟು ಮುಂದೆ ಸರಿದಿರ್ತದೆ, ಹಿಂದಿನ ನರ ಎಳೀತದೆ. ಮೊಳೆ ಗೊರಸಿನ ಅತಿ ಅಗಲದ ಜಾಗಕ್ಕಿಂತ ಹಿಂದಕ್ಕೆ ಹೋಗಬಾರದು, ಹಿಮ್ಮಡಿ ಹಿಗ್ಗಿ ಕುಗ್ಗಬೇಕು. ಹೊಡೆದ ಕೂಡಲೇ ಕಾಲು ಎಳೆದುಕೊಂಡರೆ ಮೊಳೆ ಜೀವಕ್ಕೆ ತಾಗಿದೆ. ಒಂದೆರಡು ದಿನದ ಮೇಲೆ ಕುಂಟಿದರೆ ಮೊಳೆ ಜೀವದ ಪಕ್ಕದಲ್ಲಿ ಒತ್ತುತ್ತಿದೆ. ಎರಡರಲ್ಲೂ ಆ ಮೊಳೆ ತೆಗೆಸಿ, ಯಾವ ತೂತು ಅಂತ ಗುರುತು ಹಾಕಿ, ಧನುರ್ವಾಯು ಲಸಿಕೆ ಯಾವಾಗ ಆಗಿದೆ ನೋಡಿ.

ಸ್ವಯಂಸೇವಕರು ಇಲ್ಲಿ ಮಾಡಬಹುದಾದ ದೊಡ್ಡ ಉಪಕಾರ ಒಂದೇ: ತಾಲ್ಲೂಕಿನ ಎಲ್ಲ ಕುದುರೆಗಳ ತಾರೀಖು ಒಂದೇ ಪುಸ್ತಕದಲ್ಲಿ ಇಟ್ಟು, ಹೊರಗಿನಿಂದ ಲಾಳದವರನ್ನು ಒಂದೇ ದಿನಕ್ಕೆ ಕರೆಸೋದು. ಒಂದು ಕುದುರೆಗೆ ಅಂತ ಯಾರೂ ಘಟ್ಟ ಹತ್ತಿ ಬರಲ್ಲ, ಎಂಟು ಇದ್ದರೆ ಬರ್ತಾರೆ.

ತುಂಗಾದಂಡೆ

ಲಸಿಕೆ ಅಂದಿದ್ದಕ್ಕೆ. ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಗಲಲ್ಲ. ಮೊದಲ ಸಲ 4ರಿಂದ 6 ವಾರದ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷಕ್ಕೊಂದು. ಹುಚ್ಚುನಾಯಿ ರೋಗದ ಲಸಿಕೆಯೂ ವರ್ಷಕ್ಕೊಂದು.

ಗ್ಲ್ಯಾಂಡರ್ಸ್ ಬಗ್ಗೆ ಸ್ವಯಂಸೇವಕರಿಗೆ ಒಂದು ಪೂರ್ತಿ ತರಗತಿ ಬೇಕು. ಮೂಗಿನಿಂದ ಅಂಟು ಕೀವು, ಮೂಗಿನೊಳಗೆ ಹುಣ್ಣು, ಕಾಲಿನ ಒಳಬದಿ ಚರ್ಮದಲ್ಲಿ ಸಾಲು ಗಂಟು ಒಡೆದು ಜೇನಿನ ಹಾಗೆ ಸೋರೋದು. ಇದು ಮನುಷ್ಯರಿಗೂ ಬರ್ತದೆ, ಕೊಲ್ತದೆ. ಕಂಡರೆ ಮುಟ್ಟಬೇಡಿ, ಕುದುರೆಯನ್ನು ಅಲ್ಲಿಂದ ಕದಲಿಸಬೇಡಿ, ನೀರಿನ ತೊಟ್ಟಿ ಬೇರೆ ಮಾಡಿಸಿ, ಅವತ್ತೇ ಸರ್ಕಾರಿ ಪಶುವೈದ್ಯಾಧಿಕಾರಿಗೆ ತಿಳಿಸಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಲ್ಲಿ ತಿಳಿಸೋದು ಕಡ್ಡಾಯ. ರಕ್ತದ ಮಾದರಿ ಇಲಾಖೆಯವರೇ ತೆಗೀತಾರೆ, ರಾಷ್ಟ್ರೀಯ ಮಟ್ಟದ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ಅಶ್ವ ಸಂಶೋಧನಾ ಕೇಂದ್ರದಲ್ಲಿ. ಖಚಿತವಾದರೆ ದಯಾಮರಣವೇ, ಚಿಕಿತ್ಸೆ ಕೊಡುವ ಹಾಗಿಲ್ಲ. ಮಾಲೀಕರಿಗೆ ಪರಿಹಾರ ಉಂಟು. ಅದನ್ನು ಮೊದಲೇ ಹೇಳದಿದ್ದರೆ ರಾತ್ರೋರಾತ್ರಿ ಕುದುರೆ ಬೇರೆ ಜಿಲ್ಲೆಗೆ ಮಾರಾಟ ಆಗಿರ್ತದೆ.

ಮಳೆಗಾಲ ಮುಗಿಯುತ್ತಿದ್ದಂತೆ ದೊಡ್ಡ ಕಚ್ಚುವ ನೊಣದಿಂದ ಸರ್ರಾ ಅನ್ನೋ ರೋಗ ಹರಡ್ತದೆ. ಬಿಟ್ಟು ಬಿಟ್ಟು ಜ್ವರ, ಹೊಟ್ಟೆಯಡಿ ಮತ್ತು ಕಾಲಲ್ಲಿ ಬಾವು, ತಿಂದರೂ ಸೊರಗೋದು. ಜ್ವರ ಇರುವ ದಿನವೇ ರಕ್ತ ತೆಗೆಸಬೇಕು, ಬಿಟ್ಟ ದಿನ ರಕ್ತದಲ್ಲಿ ರೋಗಾಣು ಸಿಗದೇ ಹೋಗಬಹುದು.

ಹೊಸಬ_ಶಿಕಾರಿಪುರ

ಮೆರವಣಿಗೆಗೆ ಅಂತ ಒಂದು ಮಾರ್ವಾಡಿ ಕುದುರೆ ತಗೊಳ್ಳೋಣ ಅಂತಿದೀವಿ. ಸಬ್ಸಿಡಿ 50 ಲಕ್ಷದವರೆಗೆ ಇದೆಯಂತಲ್ಲ?

ಕಡಿವಾಣ

ಇದೆ, ನೀವು ಅಂದುಕೊಂಡ ಹಾಗಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ನಿಗೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಗಿ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಸೇರಿದವು. ಬಂಡವಾಳ ವೆಚ್ಚದ ಶೇ. 50, ಗರಿಷ್ಠ 50 ಲಕ್ಷ. ಅದು ತಳಿ ಸಾಕಣೆಯ ಉದ್ದಿಮೆಗೆ. ವ್ಯಕ್ತಿ, ರೈತ ಉತ್ಪಾದಕ ಸಂಸ್ಥೆ, ಸ್ವಸಹಾಯ ಗುಂಪು ಅರ್ಜಿ ಹಾಕಬಹುದು. ಜಾಗ, ಯೋಜನಾ ವರದಿ, ಬ್ಯಾಂಕ್ ಸಾಲ ಅಥವಾ ಸ್ವಂತ ದುಡ್ಡಿನ ದಾಖಲೆ ಬೇಕು. ಮದುವೆಗೆ ಬಾಡಿಗೆ ಬಿಡುವ ಒಂದು ಕುದುರೆಗೆ ಬರಲ್ಲ. ಅರ್ಜಿ ತುಂಬಿಕೊಡ್ತೀವಿ ಅಂತ ದುಡ್ಡು ಕೇಳುವವರು ಸಿಕ್ಕರೆ ಪಶುಪಾಲನಾ ಇಲಾಖೆಯ ಕಚೇರಿಗೆ ನೇರ ಹೋಗಿ.

ಕೊಳ್ಳುವಾಗ ಹಲ್ಲು ನೋಡಿ. ಮುಂದಿನ ಶಾಶ್ವತ ಹಲ್ಲು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಜೋಡಿ ಜೋಡಿಯಾಗಿ ಬಂದು 5ಕ್ಕೆ ಬಾಯಿ ತುಂಬ್ತದೆ. ಮೇಲಿನ ಮೂಲೆಹಲ್ಲಿನ ವಸಡಿನಿಂದ ಇಳಿಯುವ ಕಂದು ಗೀರು ಸುಮಾರು 10ಕ್ಕೆ ಕಾಣಿಸಿಕೊಂಡು 15ಕ್ಕೆ ಅರ್ಧ ಹಲ್ಲಿಗೆ ಬರ್ತದೆ. "ಏಳು ವರ್ಷ" ಅಂತ ಹೇಳಿದ ಕುದುರೆಯಲ್ಲಿ ಆ ಗೀರು ಇದ್ದರೆ ಮಾತು ಅಲ್ಲಿಗೇ ಮುಗೀತು. ಗಟ್ಟಿ ನೆಲದ ಮೇಲೆ ಹಗ್ಗ ಹಿಡಿದು ದೌಡಿಸಿ. ಮುಂಗಾಲು ನೋವಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳ್ತದೆ, ಒಳ್ಳೆ ಕಾಲು ಊರಿದಾಗ ತಲೆ ಬಾಗ್ತದೆ. ಮಾರುವವರು ಹಗ್ಗ ಗಿಡ್ಡ ಹಿಡಿದು ತಲೆ ಅಲ್ಲಾಡದ ಹಾಗೆ ಓಡಿಸ್ತಾರೆ, ಹಗ್ಗ ಸಡಿಲ ಬಿಡಿ ಅನ್ನಿ.

ಘಟ್ಟದಮೇಲೆ

ಮೆರವಣಿಗೆ ಅಂದಿರಿ, ಒಂದು ಲೆಕ್ಕ. ಜೀನು ಸೇರಿ ಸವಾರನ ಭಾರ ಕುದುರೆ ತೂಕದ ಐದನೇ ಒಂದು ಭಾಗ ಮೀರಬಾರದು ಅನ್ನೋದು ರೂಢಿಯ ಅಳತೆ. ಮೇಲಿನ 256 ಕೆ.ಜಿ. ಕುದುರೆಗೆ 51 ಕೆ.ಜಿ. ಜರಿ ಪೇಟ, ಶೇರ್ವಾನಿ, ಮದುಮಗ, ಮುಂದೆ ಒಬ್ಬ ತಂಗಿ ಮಗ. ನೀವೇ ಕೂಡಿಸಿ. 1965ರ ಭಾರ ಎಳೆಯುವ, ಹೊರುವ ಪ್ರಾಣಿಗಳ ನಿಯಮದಲ್ಲಿ ಹೇರುವ ಟಟ್ಟುವಿಗೆ (ಸಣ್ಣ ಜಾತಿಯ ಕುದುರೆಗೆ) 70 ಕೆ.ಜಿ. ಮಿತಿ, ದಿನಕ್ಕೆ 9 ಗಂಟೆ ಕೆಲಸ, ಬಿಡುವಿಲ್ಲದೆ 5 ಗಂಟೆ ಮೀರುವಂತಿಲ್ಲ, 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3 ಕೆಲಸ ಇಲ್ಲ. ಮುಳ್ಳಿನ ಕಡಿವಾಣ ನಿಷಿದ್ಧ. ಬಾಯಿಯ ಮೂಲೆಯಲ್ಲಿ ಹಳೆ ಗಾಯ ಇದ್ದರೆ ಕಡಿವಾಣ ತೆಗೆಸಿ ನೋಡಿ.

ದೇವಸ್ಥಾನದ ಹತ್ತಿರ ಕಟ್ಟುವಾಗ ಕಣಗಿಲೆ ಗಿಡ ಎಲ್ಲಿದೆ ನೋಡಿಕೊಳ್ಳಿ. ಒಂದು ಬೊಗಸೆ ಎಲೆ ಸಾಕು, ಒಣಗಿದ್ದೂ ವಿಷವೇ. ಹೂವಿನ ಹಾರದ ಕಸ ತಿನ್ನೋಕೆ ಬಿಡಬೇಡಿ.

ಕಡಿವಾಣ

ಮೊದಲ ಭೇಟಿಯ ಹಾಳೆಗೆ ಇಲ್ಲಿ ಬಂದದ್ದನ್ನು ಸೇರಿಸಿ ಒಂದು ಮಾದರಿ ಬರೆದಿದ್ದೇನೆ. ತುಂಬಿದರೆ ಹೀಗೆ ಕಾಣಬೇಕು:

"ಹೆಣ್ಣು, ಕಂದು, ಹಣೆಯಲ್ಲಿ ಬಿಳಿ ಚುಕ್ಕೆ, ಹಲ್ಲಿನ ಪ್ರಕಾರ 9–10. ಸುತ್ತಳತೆ 150, ಉದ್ದ 135, ತೂಕ 256. ನಾಡಿ 40, ಉಸಿರು 12, ಜ್ವರ 100.2. ವಸಡು ತಿಳಿ ಗುಲಾಬಿ, 2 ಸೆಕೆಂಡ್. ಬಲ ಹಿಂಗಾಲ ಗಾಡಿಯಲ್ಲಿ ಕರಿ ಲೋಳೆ, ಆಳ ಕಡಿಮೆ. ಲಾಳ ಹೊಡೆದು 13 ವಾರ. ಮೇವು: ನೇಪಿಯರ್ 15 ಕೆ.ಜಿ., ತೌಡು 2 ಕೆ.ಜಿ., ಉಪ್ಪು ಇಲ್ಲ. ನೀರು 2 ಬಕೆಟ್. ಧನುರ್ವಾಯು ಲಸಿಕೆ: ನೆನಪಿಲ್ಲ. ಕೊಟ್ಟಿಗೆಯ ಕಪಾಟಿನಲ್ಲಿ ಅಮಿಟ್ರಾಜ್ ಬಾಟಲಿ, ಹೇಳಿದ್ದೇನೆ."

ಇದರಲ್ಲಿ ಆ ದಿನ ಬದಲಾಯಿಸಲು ಹೇಳಬೇಕಾದ್ದು ಎರಡೇ: ತೌಡು ಒಂದು ವಾರದಲ್ಲಿ ಮೆಲ್ಲಗೆ ಅರ್ಧ ಕೆ.ಜಿ.ಗೆ ಇಳಿಸೋದು, ಗೊರಸು ದಿನಾ ಒಣಗಿಸೋದು. ಹನ್ನೆರಡು ಸಲಹೆ ಕೊಟ್ಟು ಬಂದರೆ ಒಂದೂ ನಡೆಯಲ್ಲ.

ಗೊರಸು_ಲಾಳ

ಬಕೆಟ್ಟು ಎಷ್ಟು ಲೀಟರಿನದು ಅಂತಲೂ ಬರೆಸಿ. ಬಣ್ಣದ ಡಬ್ಬಿ 20 ಲೀಟರ್, ಸ್ನಾನದ ಬಕೆಟ್ಟು 13ರಿಂದ 16. "2 ಬಕೆಟ್" ಅಂದರೆ 26ಕ್ಕೂ 40ಕ್ಕೂ ಅರ್ಥ ಆಗ್ತದೆ. ತೌಡಿನ ಸೇರಿಗೂ ಅದೇ ಕಥೆ, ತೂಕದ ಸ್ಪ್ರಿಂಗ್ ತಕ್ಕಡಿ ಒಂದು ಚೀಲದಲ್ಲಿ ಇರಲಿ.

ಕಡಿವಾಣ

ಸರಿ, ತಿದ್ದಿದೆ. ಚೀಲಕ್ಕೆ: ದಾರ ಕ್ಲಿಪ್ಪಿನ ಥರ್ಮಾಮೀಟರ್, ದರ್ಜಿ ಟೇಪು, ಗೊರಸಿನ ಕೊಕ್ಕೆ, ಸ್ಪ್ರಿಂಗ್ ತಕ್ಕಡಿ, ಚಿಮಟ, ಕೈಗವಸು, ಟಾರ್ಚು, ಹಾಳೆಗಳು. ತೀರ್ಥಹಳ್ಳಿ ಮತ್ತು ಸಾಗರಕ್ಕೆ ಇನ್ನೂ ಒಬ್ಬೊಬ್ಬರು ಬೇಕು, ಜೂನ್ ಒಳಗೆ.